ಹಳಿಗಳ ಕವಲು: ಮಾದರಿ ರೈಲಿನ ಯಾರ್ಡಿಗೆ ಪಾಯಿಂಟುಗಳ ಆಯ್ಕೆ

ಲಿಂಗಸೂಗೂರು ತಾಲೂಕಿನ ಹಟ್ಟಿಯು ಚಿನ್ನದ ಗಣಿಗೆ ಹೆಸರಾದ ಊರು. ಅಲ್ಲಿ ನೆಲದಾಳದ ಸುರಂಗಗಳಲ್ಲಿ ಅದಿರು ತುಂಬಿದ ಟಬ್ಬುಗಳನ್ನು ಕಿರಿದಾದ ಹಳಿಗಳ ಮೇಲೆ ಶಾಫ್ಟಿನ ಕಡೆಗೆ ಸಾಗಿಸುವ ಕ್ರಮವುಂಟು. ನೆರೆಯ ಸಿಂಧನೂರಿಗೆ 2024ರಲ್ಲಿ ಬ್ರಾಡ್‌ಗೇಜ್ ರೈಲು ಬಂದಿತು. ಗಣಿಯ ಟಬ್ಬಿಗೂ ರೈಲಿನ ಬೋಗಿಗೂ ಗಾತ್ರದಲ್ಲಿ ಅಜಗಜಾಂತರವಿದ್ದರೂ, ಒಂದು ಹಳಿಯಿಂದ ಇನ್ನೊಂದು ಹಳಿಗೆ ಹೊರಳಲು ಎರಡಕ್ಕೂ ಇರುವ ಉಪಾಯ ಒಂದೇ, ಅದೇ ‘ಪಾಯಿಂಟು’. ಮನೆಯಲ್ಲಿ ಮಾದರಿ ರೈಲಿನ ಯಾರ್ಡನ್ನು ಕಟ್ಟಬಯಸುವ ವಿದ್ಯಾರ್ಥಿಯು ಯಾವ ಬಗೆಯ ಪಾಯಿಂಟನ್ನು ಆರಿಸಬೇಕು? ಹಣ ತೆರುವ ಮೊದಲು ಇದನ್ನು ಲೆಕ್ಕದಿಂದಲೇ ನಿರ್ಧರಿಸಬಹುದು.

ಪಾಯಿಂಟಿನಲ್ಲಿ ಮುಖ್ಯವಾದ ಭಾಗಗಳು ಎರಡು. ಮೊದಲನೆಯದು, ಅತ್ತಿತ್ತ ಸರಿಯುವ ಚೂಪಾದ ಹಳಿಗಳ ಜೋಡಿ. ಗಾಲಿ ಯಾವ ದಾರಿ ಹಿಡಿಯಬೇಕೆಂಬುದನ್ನು ಇವು ತೀರ್ಮಾನಿಸುತ್ತವೆ. ಎರಡನೆಯದು ‘ಕ್ರಾಸಿಂಗ್’, ಅಂದರೆ ಎರಡು ಹಳಿಗಳು ಒಂದನ್ನೊಂದು ಕತ್ತರಿಸುವ ತಾಣ. ಅಲ್ಲಿ ಗಾಲಿಯ ಅಂಚು ಹಾಯಲು ಹಳಿಯಲ್ಲಿ ಸಂದು ಬಿಟ್ಟಿರುತ್ತಾರೆ. ಕವಲುಗಳ ನಡುವಣ ಕೋನವೇ ಪಾಯಿಂಟಿನ ಸಂಖ್ಯೆಯನ್ನು ಗೊತ್ತುಮಾಡುತ್ತದೆ. 12 ಅಡಿ ಮುಂದೆ ಹೋದಾಗ ಹಳಿಗಳು 1 ಅಡಿ ಅಗಲಿದರೆ ಅದು ‘12ಕ್ಕೆ 1’ರ ಪಾಯಿಂಟು. ಸಂಖ್ಯೆ ದೊಡ್ಡದಾದಷ್ಟೂ ತಿರುವು ಮೃದು.

ಈಗ ಗಣಿತವನ್ನು ನೋಡೋಣ. R ತ್ರಿಜ್ಯದ ವೃತ್ತವು ಸರಳರೇಖೆಯನ್ನು ಬಿಟ್ಟು x ದೂರ ಸಾಗಿದಾಗ ಸುಮಾರು x²/2R ನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಆಗ ಅದರ ಓರೆ x/R. ಹಳಿಗಳ ನಡುವಣ ಅಗಲ G ಯಷ್ಟು ಸರಿದಾಗ ಕ್ರಾಸಿಂಗ್ ಬರುತ್ತದೆ. ಅಲ್ಲಿಯ ಓರೆ 1/N. ಇವೆರಡನ್ನೂ ಸೇರಿಸಿದರೆ ದೊರೆಯುವ ಫಲ: ಉದ್ದ = 2GN, ತ್ರಿಜ್ಯ = 2GN². ಸಂಖ್ಯೆ ಇಮ್ಮಡಿಯಾದರೆ ಉದ್ದ ಇಮ್ಮಡಿ, ತ್ರಿಜ್ಯವಾದರೋ ನಾಲ್ಮಡಿ!

ಬ್ರಾಡ್‌ಗೇಜಿನ ಅಗಲ 1.676 ಮೀಟರು. 12ಕ್ಕೆ 1ರ ಪಾಯಿಂಟಿಗೆ ಈ ಸೂತ್ರ ಕೊಡುವ ತ್ರಿಜ್ಯ 483 ಮೀಟರು. ಭಾರತೀಯ ರೈಲ್ವೆಯಲ್ಲಿ ಇರುವುದು 441. 8½ಕ್ಕೆ 1ರದಕ್ಕೆ ಸೂತ್ರದಂತೆ 242, ವಾಸ್ತವದಲ್ಲಿ ಸುಮಾರು 232. ಕ್ರಾಸಿಂಗಿನ ಬಳಿ ಹಳಿಯನ್ನು ನೇರವಾಗಿಯೇ ಇಡುವುದರಿಂದ ಉಳಿದ ತಿರುವು ಸ್ವಲ್ಪ ಬಿಗಿಯಾಗುತ್ತದೆ. ಪ್ರಯಾಣಿಕರ ಗಾಡಿಗಳ ಮಾರ್ಗಕ್ಕೆ ಸಾಮಾನ್ಯವಾಗಿ ಮೊದಲನೆಯದು, ಸರಕು ಯಾರ್ಡುಗಳಿಗೆ ಎರಡನೆಯದು ಬಳಕೆಯಲ್ಲಿದೆ.

ಇನ್ನು ಮಾದರಿಗೆ ಬರೋಣ. ಎಚ್.ಓ. ಎಂಬ ಪ್ರಮಾಣದಲ್ಲಿ ಬಂಡಿಗಳು ನಿಜದ 87ರಲ್ಲಿ ಒಂದು ಪಾಲು. ಹಳಿಯ ಅಗಲ 16.5 ಮಿ.ಮೀ. 4, 6, 8ರ ಪಾಯಿಂಟುಗಳಿಗೆ ತ್ರಿಜ್ಯವು ಕ್ರಮವಾಗಿ 528, 1188, 2112 ಮಿ.ಮೀ. ಆಗುತ್ತದೆ.

ಜಾಗದ ಲೆಕ್ಕ ಹೀಗಿದೆ. 2400 ಮಿ.ಮೀ. ಉದ್ದದ ಹಲಗೆಯ ಮೇಲೆ ಮುಖ್ಯಹಳಿ, ಅದರ ಪಕ್ಕಕ್ಕೆ 50 ಮಿ.ಮೀ. ಅಂತರದಲ್ಲಿ ಇನ್ನು ಮೂರು ಹಳಿಗಳು ಇರಲಿ. ಕೊನೆಯ ಹಳಿಯನ್ನು ಮುಟ್ಟಲು 150 ಮಿ.ಮೀ. ಪಕ್ಕಕ್ಕೆ ಸರಿಯಬೇಕು. ಮೊದಲ ತಿರುವಿನ ಉದ್ದವನ್ನೂ ಕೂಡಿಸಿದರೆ ಇದಕ್ಕೆ 4ರ ಪಾಯಿಂಟಿನಿಂದ ಸುಮಾರು 670, 6ರಿಂದ 1000, 8ರಿಂದ 1330 ಮಿ.ಮೀ. ವ್ಯಯವಾಗುತ್ತದೆ. ‘ಬಾಕ್ಸ್‌ಎನ್’ ಎಂಬ ಸರಕು ವ್ಯಾಗನ್ನಿನ ಉದ್ದ 10.7 ಮೀಟರು, ಮಾದರಿಯಲ್ಲಿ 123 ಮಿ.ಮೀ. ಆದುದರಿಂದ ಕೊನೆಯ ಹಳಿಯಲ್ಲಿ ನಿಲ್ಲುವ ವ್ಯಾಗನ್ನುಗಳು ಕ್ರಮವಾಗಿ 14, 11, 8. ಹೀಗಾದರೆ 4ರ ಪಾಯಿಂಟೇ ಉತ್ತಮವೆಂದು ತೋರುವುದು ಸಹಜ.

ಆದರೆ ಬಂಡಿಯನ್ನೂ ಕೇಳಬೇಕಷ್ಟೆ! ತಿರುವಿನಲ್ಲಿ ಬಂಡಿಯ ನಡುಭಾಗ ಒಳಕ್ಕೆ ಸರಿಯುತ್ತದೆ. ಎರಡು ಗಾಲಿಚೌಕಟ್ಟುಗಳ ನಡುವಣ ದೂರ a ಆದರೆ ಈ ಸರಿತ a²/8R. ಬಾಕ್ಸ್‌ಎನ್ ಮಾದರಿಯಲ್ಲಿ a ಸುಮಾರು 75 ಮಿ.ಮೀ.; 4ರ ಪಾಯಿಂಟಿನಲ್ಲಿ ಸರಿತ 1.3 ಮಿ.ಮೀ. ಮಾತ್ರ. ಪ್ರಯಾಣಿಕರ ಬೋಗಿಯಲ್ಲಿ a ಸುಮಾರು 170. ಅದೇ ಪಾಯಿಂಟಿನಲ್ಲಿ ಸರಿತ 6.8 ಮಿ.ಮೀ., 6ರಲ್ಲಿ 3, 8ರಲ್ಲಿ 1.7. ನಡುಭಾಗ ಒಳಕ್ಕೆ ಸರಿದಂತೆ ತುದಿಗಳು ಹೊರಕ್ಕೆ ಚಾಚುತ್ತವೆ; ಕೊಂಡಿ ಪಕ್ಕದ ಬಂಡಿಯನ್ನು ಓರೆಯಾಗಿ ತಳ್ಳುತ್ತದೆ. ಎಂಜಿನ್ನು ಎಳೆಯುವಾಗ ನಿಲ್ಲಬಹುದಾದ ಗಾಡಿ, ಹಿಂದಿನಿಂದ ನೂಕುವಾಗ ಹಳಿ ತಪ್ಪುತ್ತದೆ. ಯಾರ್ಡಿನಲ್ಲಿ ನಡೆಯುವ ಕೆಲಸದಲ್ಲಿ ಅರ್ಧ ಪಾಲು ನೂಕುವುದೇ ಅಲ್ಲವೆ?

ಗಣಿಯ ಸುರಂಗದಲ್ಲಿ ಬಿಗಿಯಾದ ತಿರುವು ಏಕೆ ಸಲ್ಲುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಲ್ಲಿ ಒಂದೊಂದು ಮೀಟರು ಜಾಗವನ್ನೂ ಬಂಡೆ ಒಡೆದು ಪಡೆಯಬೇಕು. ಟಬ್ಬಿನ ಗಾಲಿಗಳ ನಡುವಣ ದೂರವೂ ತೀರ ಕಡಿಮೆ. ಪಾಯಿಂಟನ್ನು ಗೊತ್ತುಮಾಡತಕ್ಕದ್ದು ಹಲಗೆಯ ಉದ್ದವಲ್ಲ, ಅದರ ಮೇಲೆ ಹಾಯುವ ಅತ್ಯಂತ ಉದ್ದವಾದ ಬಂಡಿ. ಎಲ್ಲ ಪಾಯಿಂಟುಗಳೂ ಒಂದೇ ಬಗೆಯವಾಗಿರಬೇಕೆಂಬ ನಿಯಮವೂ ಇಲ್ಲ. ಬೋಗಿಗಳು ಹಾಯುವ ಮುಖ್ಯಹಳಿಗೆ 8, ಎಲ್ಲ ಬಗೆಯ ಬಂಡಿಗಳೂ ಬರುವ ಯಾರ್ಡಿಗೆ 6, ಅದಿರಿನ ಗಿಡ್ಡ ಬಂಡಿಗಳು ಮಾತ್ರ ನಿಲ್ಲುವ ಹಳಿಗೆ 4 ಎಂದು ಹಂಚಿಕೊಂಡರೆ ಜಾಗವೂ ಉಳಿಯುತ್ತದೆ, ಗಾಡಿಯೂ ಉರುಳುವುದಿಲ್ಲ.

ಕೊಳ್ಳುವ ಮುನ್ನ ದೊಡ್ಡ ಕಾಗದದ ಮೇಲೆ ಹಳಿಗಳನ್ನು ಪೂರ್ಣ ಅಳತೆಯಲ್ಲಿ ಬರೆಯಿರಿ. ಬೋಗಿಯಷ್ಟು ಉದ್ದದ ರಟ್ಟಿನ ಪಟ್ಟಿಗೆ 170 ಮಿ.ಮೀ. ಅಂತರದಲ್ಲಿ ಎರಡು ಗುಂಡುಸೂಜಿಗಳನ್ನು ಚುಚ್ಚಿ, ಸೂಜಿಗಳೆರಡೂ ಹಳಿಯ ನಡುಗೆರೆಯ ಮೇಲೆಯೇ ಇರುವಂತೆ ಪಟ್ಟಿಯನ್ನು ಸರಿಸಿರಿ. ಅದು ಪಕ್ಕದ ಹಳಿಯ ಪಟ್ಟಿಗೆ ತಾಗಿದರೆ ಆ ಪಾಯಿಂಟು ನಿಮಗೆ ತಕ್ಕುದಲ್ಲ.