ಹರೆಯದ ಮಕ್ಕಳಿಗೆ ಸಕ್ಕರೆ ಕಾಯಿಲೆ: ಹೈನುಗಾರ್ತಿ ತಾಯಿ ತಿಳಿದಿರಬೇಕಾದದ್ದು



ಚೆನ್ನಾಗಿ ಹಾಲು ಕೊಡುವ ಆಕಳು ಈದ ಎರಡು-ಮೂರು ವಾರದಲ್ಲಿ ಹಿಂಡಿ ಬಿಟ್ಟು, ಹಾಲು ಇಳಿಸಿ, ನೋಡನೋಡುತ್ತ ಸೊರಗುವುದುಂಟು. ಬಾಯಿಯಿಂದ ಕೊಳೆತ ಹಣ್ಣಿನಂಥ ವಾಸನೆ ಬರುತ್ತದೆ. ಪಶುವೈದ್ಯರು ಇದನ್ನು ಕೀಟೋಸಿಸ್ ಎನ್ನುತ್ತಾರೆ. ಮೈಗೆ ಬೇಕಾದಷ್ಟು ಸಕ್ಕರೆ ಸಿಗದಾಗ ಆಕಳು ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ. ಆಗ ಕೀಟೋನ್ ಎಂಬ ವಸ್ತು ರಕ್ತದಲ್ಲಿ ಹೆಚ್ಚುತ್ತದೆ.

ಇಂಥದೇ ವಾಸನೆ ಮನೆಯ ಮಗುವಿನ ಉಸಿರಿನಲ್ಲೂ ಬರಬಹುದು. ಅದು ಟೈಪ್ 1 ಸಕ್ಕರೆ ಕಾಯಿಲೆಯ ಕೊನೆಯ ಎಚ್ಚರಿಕೆ.

ಆದರೆ ಒಂದು ದೊಡ್ಡ ವ್ಯತ್ಯಾಸ ನೆನಪಿಡಿ. ಆಕಳ ರಕ್ತದಲ್ಲಿ ಸಕ್ಕರೆ ಕಡಿಮೆ ಇರುತ್ತದೆ; ಅದಕ್ಕೇ ಗ್ಲೂಕೋಸ್ ಬಾಟಲಿ ಹಚ್ಚುತ್ತಾರೆ. ಮಗುವಿನ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿರುತ್ತದೆ, ಆದರೆ ಇನ್ಸುಲಿನ್ ಇಲ್ಲದ್ದರಿಂದ ಅದು ಮೈಗೆ ಹತ್ತುವುದಿಲ್ಲ. ಕಣಜ ತುಂಬಿದ್ದರೂ ಕೀಲಿಕೈ ಇಲ್ಲದಂತೆ. ಅಂಥ ಮಗುವಿಗೆ ‘ಸುಸ್ತಾಗ್ಯಾನ’ ಎಂದು ಮನೆಯಲ್ಲಿ ಗ್ಲೂಕೋಸ್ ನೀರು ಕುಡಿಸುತ್ತ ಕುಳಿತರೆ ಜೀವಕ್ಕೇ ಅಪಾಯ.

ಗುರುತಿಸುವುದು ಹೇಗೆ?

ಪದೇ ಪದೇ ಮೂತ್ರ, ತೀರದ ನೀರಡಿಕೆ, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ದಣಿವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು. ಇವು ಕಂಡ ದಿನವೇ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಹಣ್ಣಿನ ವಾಸನೆ ಕಂಡರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಯಮನೂರು ಕಡೆಯವರು ನವಲಗುಂದ ತಾಲ್ಲೂಕು ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ‌ಗೋ ತಡಮಾಡದೆ ಹೋಗಬೇಕು.

ಈ ಕಾಯಿಲೆ ಸಿಹಿ ತಿಂದದ್ದರಿಂದ ಬಂದದ್ದಲ್ಲ, ತಾಯಿಯ ತಪ್ಪೂ ಅಲ್ಲ, ಯಾರ ದೃಷ್ಟಿಯೂ ಅಲ್ಲ. ಇನ್ಸುಲಿನ್ ತಯಾರಿಸುವ ಕಣಗಳನ್ನು ದೇಹದ ರಕ್ಷಣಾ ಶಕ್ತಿಯೇ ತಪ್ಪಾಗಿ ನಾಶಮಾಡುವುದರಿಂದ ಇದು ಬರುತ್ತದೆ.

ಇನ್ಸುಲಿನ್ ಬಿಡಿಸಬೇಡಿ

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಿದರು. ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಔಷಧಿ ಅದು. ಅಲ್ಲಿಯವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಇಂದಿಗೂ ಟೈಪ್ 1ಕ್ಕೆ ಇನ್ಸುಲಿನ್ ಬದಲು ಯಾವ ಸೊಪ್ಪು, ಕಷಾಯ, ಹರಕೆಯೂ ಇಲ್ಲ. ಹರಕೆ ಇದ್ದರೆ ತೀರಿಸಿ, ಬೆಣ್ಣಿಹಳ್ಳದ ದಂಡೆಯ ಜಾತ್ರೆಗೂ ಕರೆದೊಯ್ಯಿರಿ. ಆದರೆ ಚೀಲದಲ್ಲಿ ಇನ್ಸುಲಿನ್, ಸಕ್ಕರೆ ಪೊಟ್ಟಣ ಇರಲಿ, ಕಾಲಲ್ಲಿ ಚಪ್ಪಲಿ ಇರಲಿ.

ಜ್ವರ ಬಂದು ಊಟ ಸೇರದ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಹೆಚ್ಚು ಸಲ ಪರೀಕ್ಷಿಸಿ, ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿ.

ಡೇರಿಯ ಲೆಕ್ಕ, ಸಕ್ಕರೆಯ ಲೆಕ್ಕ

ಡೇರಿಯಲ್ಲಿ ಹೊತ್ತಿಗೊಮ್ಮೆ ಫ್ಯಾಟ್ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಒಂದು ಹೊತ್ತಿನ ಫ್ಯಾಟ್ ನೋಡಿ ಎಮ್ಮೆಯ ಬೆಲೆ ಕಟ್ಟಲಾಗದು. ಬಹಳ ದಿನದ ಲೆಕ್ಕ ಬೇಕು. ಸಕ್ಕರೆಯೂ ಹಾಗೆಯೇ. ಗ್ಲೂಕೋಮೀಟರ್ ಆ ಹೊತ್ತಿನದನ್ನು ಹೇಳುತ್ತದೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. ಇದನ್ನು ಮೂರು ತಿಂಗಳಿಗೊಮ್ಮೆ ಮಾಡಿಸಿ. ಶೇ 7ರ ಆಸುಪಾಸು ಇದ್ದರೆ ಹತೋಟಿ ಚೆನ್ನಾಗಿದೆ ಎಂದರ್ಥ; ನಿಮ್ಮ ಮಗುವಿನ ಗುರಿಯನ್ನು ವೈದ್ಯರು ಹೇಳುತ್ತಾರೆ.

ಈ ಶ್ರಮಕ್ಕೆ ಫಲವಿದೆಯೇ? ಅಮೆರಿಕ, ಕೆನಡಾಗಳಲ್ಲಿ 13ರಿಂದ 39 ವಯಸ್ಸಿನ 1,441 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದ ಫಲಿತಾಂಶ 1993ರಲ್ಲಿ ಬಂತು. ಬಿಗಿಯಾದ ಹತೋಟಿಯಲ್ಲಿದ್ದವರಿಗೆ ಕಣ್ಣಿನ ತೊಂದರೆ ಶುರುವಾಗುವ ಅಪಾಯ ಶೇ 76ರಷ್ಟು ಕಡಿಮೆಯಾಗಿತ್ತು. ಮೂತ್ರಪಿಂಡ, ನರಗಳ ಹಾನಿಯೂ ಕಡಿಮೆಯಾಗಿತ್ತು. ಹರೆಯದಲ್ಲಿ ಪಟ್ಟ ಶ್ರಮ ಮುಂದಿನ ಬದುಕನ್ನು ಕಾಯುತ್ತದೆ.

ಬೆಳೆಯುವ ವಯಸ್ಸಿನಲ್ಲಿ ಸಕ್ಕರೆ ಏರಿಳಿಯುವುದು ಸಹಜ. ಇನ್ಸುಲಿನ್ ಹೆಚ್ಚು ಬೇಕಾಗಬಹುದು. ಸಂಖ್ಯೆ ಏರಿದಾಗ ಬೈಯಬೇಡಿ. ಬೈದರೆ ಮಕ್ಕಳು ಸುಳ್ಳು ಸಂಖ್ಯೆ ಬರೆಯುತ್ತಾರೆ. ನೀರು ಬೆರೆಸಿದ ಹಾಲಿನ ಲೆಕ್ಕದಷ್ಟೇ ಅದರ ಬೆಲೆ.

ಹಾಲು, ರೊಟ್ಟಿ, ಕೆಲಸ

ಮಗುವಿಗೆ ಹಾಲು ನಿಲ್ಲಿಸಬೇಕಿಲ್ಲ. 200 ಮಿ.ಲೀ. ಹಾಲಿನಲ್ಲಿ, ಆಕಳದಾಗಲಿ ಎಮ್ಮೆಯದಾಗಲಿ, ಸುಮಾರು 10 ಗ್ರಾಂ ಹಾಲಿನದೇ ಸಕ್ಕರೆ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು, ಮೇಲೆ ಸಕ್ಕರೆ ಹಾಕದೆ ಕೊಡಿ. ಮೊಸರು, ಮಜ್ಜಿಗೆಯೂ ಒಳ್ಳೆಯದು. ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರದು ಎಂಬುದು ಮಾತ್ರ ತಪ್ಪು. ದಿನಾ ಹೆಚ್ಚು-ಕಡಿಮೆ ಅಷ್ಟೇ ರೊಟ್ಟಿ, ಜೊತೆಗೆ ಕಾಳುಪಲ್ಯೆ, ತಪ್ಪಲುಪಲ್ಯೆ ಇರಲಿ.

ಮೇವು ಹೊರುವುದು, ಸಗಣಿ ಬಾಚುವುದು, ಆಟ ಎಲ್ಲ ಒಳ್ಳೆಯದೇ. ಆದರೆ ದುಡಿದ ದಿನ ಸಕ್ಕರೆ ಇಳಿಯುತ್ತದೆ, ಕೆಲವೊಮ್ಮೆ ರಾತ್ರಿ ಮಲಗಿದಾಗ. ನಡುಕ, ಬೆವರು, ಹಸಿವು, ತೊದಲು ಮಾತು ಕಂಡರೆ, ಇಲ್ಲವೇ ಸಕ್ಕರೆ 70ಕ್ಕಿಂತ ಇಳಿದರೆ, ಮೂರು ಚಹಾಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಆ ಹೊತ್ತಿಗೆ ಎಮ್ಮೆ ಹಾಲು ಬೇಡ: ಕೊಬ್ಬು ಹೆಚ್ಚಿರುವುದರಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ. ಚೇತರಿಸಿಕೊಂಡ ಮೇಲೆ ಹಾಲು, ರೊಟ್ಟಿ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ.

ತಂಪಿನಲ್ಲಿ ಇಡುವುದು

ಕಾಲುಬಾಯಿ ಬೇನೆಯ ಲಸಿಕೆಯನ್ನು ಐಸ್ ಪೆಟ್ಟಿಗೆಯಲ್ಲೇ ಏಕೆ ತರುತ್ತಾರೆಂದು ನಿಮಗೆ ಗೊತ್ತು. ತೆರೆಯದ ಇನ್ಸುಲಿನ್ನಿಗೂ 2ರಿಂದ 8 ಡಿಗ್ರಿ ತಂಪು ಬೇಕು. ಹೆಪ್ಪುಗಟ್ಟಿದರೆ ಕೆಟ್ಟಿತು, ಫ್ರೀಜರಿನಲ್ಲಿ ಇಡಬೇಡಿ. ಬಳಸುತ್ತಿರುವ ಬಾಟಲಿ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ನಮ್ಮ ಎರೆಸೀಮೆಯ ಬೇಸಿಗೆಯಲ್ಲಿ ಫ್ರಿಜ್ ಇಲ್ಲದಿದ್ದರೆ, ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳನ್ನು ದಿನಾ ಒದ್ದೆ ಮಾಡಿ. ಬಾಟಲಿಯನ್ನು ಒಣ ಡಬ್ಬಿಯಲ್ಲಿ ಹಾಕಿ ಒಳಮಡಕೆಯಲ್ಲಿ ಇಡಿ. ಸೂಜಿ ಚುಚ್ಚುವ ಜಾಗವನ್ನು ದಿನಾ ಬದಲಿಸಿ. ಒಂದೇ ಕಡೆ ಚುಚ್ಚಿದರೆ ಗಂಟಾಗಿ ಔಷಧಿ ಸರಿಯಾಗಿ ಹತ್ತದು.

ಹೆಣ್ಣುಮಗಳಾದರೆ

‘ನಾಳೆ ಯಾರು ಮಾಡಿಕೊಳ್ತಾರ’ ಎಂದು ಕಾಯಿಲೆ ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ಸಂಬಂಧಿಕರ ಮನೆಯಲ್ಲಿ, ಮದುವೆಯಲ್ಲಿ ಇಂಜೆಕ್ಷನ್ ತಪ್ಪುತ್ತದೆ. ತಪ್ಪಿದ ಇಂಜೆಕ್ಷನ್ ಅವಳ ಜೀವ ತೆಗೆಯಬಹುದು. ಹತೋಟಿಯಲ್ಲಿದ್ದರೆ ಅವಳು ಓದಬಲ್ಲಳು, ದುಡಿಯಬಲ್ಲಳು, ಮದುವೆಯಾಗಿ ವೈದ್ಯರ ಸಲಹೆಯಂತೆ ನಡೆದು ತಾಯಿಯೂ ಆಗಬಲ್ಲಳು. ಶಾಲೆಯ ಗುರುಗಳಿಗೆ, ಆಶಾ ಕಾರ್ಯಕರ್ತೆಗೆ, ಒಬ್ಬಿಬ್ಬರು ಗೆಳತಿಯರಿಗೆ ವಿಷಯ ತಿಳಿಸಿ. ಮುಂದಿನ ಸಂಘದ ಸಭೆಯಲ್ಲಿ ಈ ಪಾಠವನ್ನು ಓದಿ ಹೇಳಿ. ಕೇಳಿದವರಲ್ಲಿ ಯಾರ ಮನೆಯಲ್ಲಿ ನೀರಡಿಸಿ ಸೊರಗುತ್ತಿರುವ ಮಗುವಿದೆಯೋ, ಆ ತಾಯಿಗೆ ಅಂದೇ ತಿಳಿಯಲಿ.