ಬಾಟಲಿಗಿಂತ ಮೊದಲು ತಕ್ಕಡಿ

ಮಗಳೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೀನು ಕೂತ ಮೊದಲ ವಾರವೇ ಯಾರೋ ಒಬ್ಬ ತಾಯಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬರುತ್ತಾಳೆ. ‘ಕೆಮ್ಮು, ಜ್ವರ, ಒಂದು ಸಿರಪ್ ಬರ್ಕೊಡಿ ಡಾಕ್ಟ್ರೇ’ ಅನ್ನುತ್ತಾಳೆ. ಹೊರಗೆ ಸಾಲು ಬೆಳೆದಿರುತ್ತದೆ. ಕೈ ತಾನಾಗಿಯೇ ‘5 ಎಂಎಲ್, ದಿನಕ್ಕೆ ಎರಡು ಸಲ’ ಎಂದು ಬರೆಯಲು ಹೊರಡುತ್ತದೆ. ಆ ಕೈಯನ್ನು ಒಂದು ಗಳಿಗೆ ತಡೆದು ನಿಲ್ಲಿಸು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ್ಯಂಟಿಬಯೋಟಿಕ್ ಬೇಕೇ ಬೇಡವೇ ಅನ್ನುವುದು ಮೊದಲ ಪ್ರಶ್ನೆ. ಮೂಗು ಸೋರುವ ನೆಗಡಿಗೆ ಬೇಡ, ನೀರುನೀರಾದ ಭೇದಿಗೆ ಬೇಡ. ಅಂಗಿ ಬಿಚ್ಚಿಸಿ, ಮಗು ಅಳದೆ ಇರುವಾಗ, ಪೂರ್ತಿ ಒಂದು ನಿಮಿಷ ಉಸಿರು ಎಣಿಸು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನಲ್ಲಿ ಎಣಿಕೆ 50 ಮುಟ್ಟಿದರೆ ನ್ಯುಮೋನಿಯಾ ಎಂದು ಯೋಚಿಸಬೇಕು. ಎಣಿಸದೆ ಬರೆದ ಔಷಧ ಊಹೆಯ ಔಷಧ.

ಔಷಧ ಬೇಕು ಎಂದಾದರೆ, ಪೆನ್ನು ಎತ್ತುವ ಮೊದಲು ಮಗುವನ್ನು ತಕ್ಕಡಿಯಲ್ಲಿ ಮಲಗಿಸು. ತಾಯಿ ಕಾರ್ಡಿನಲ್ಲಿ ಹೋದ ತಿಂಗಳ ತೂಕ ಬರೆದಿದೆ ಎಂದು ಸುಮ್ಮನಾಗಬೇಡ. ಹುಟ್ಟಿದಾಗಿನ ತೂಕ ಐದನೇ ತಿಂಗಳ ಹೊತ್ತಿಗೆ ಎರಡು ಪಟ್ಟು, ವರ್ಷ ತುಂಬುವಾಗ ಮೂರು ಪಟ್ಟು ಆಗುವ ವಯಸ್ಸು ಅದು. ಇನ್ನೊಂದೆಡೆ, ನಾಲ್ಕು ದಿನದ ಜ್ವರದಲ್ಲಿ ಹಾಲು ಬಿಟ್ಟ ಮಗು ಇಳಿದೂ ಹೋಗಿರುತ್ತದೆ. ಅವತ್ತಿನ ತೂಕ ಅವತ್ತೇ ಬೇಕು.

ವಯಸ್ಸು ನೋಡಿ ಅಳತೆ ಹೇಳುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ನಮ್ಮ ಊರುಗಳಲ್ಲಿ ಅದು ಯಾಕೆ ಅಪಾಯ ಎಂದು ಹೇಳುತ್ತೇನೆ, ಕೇಳು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಗುವಿನ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ. ಹಾಗಾಗಿ ಒಂದೇ ಬೀದಿಯ ಎರಡು ಎಂಟು ತಿಂಗಳ ಕೂಸುಗಳಲ್ಲಿ ಒಂದು 9 ಕಿಲೋ, ಇನ್ನೊಂದು 5.5 ಕಿಲೋ ಇರಬಹುದು. ನ್ಯುಮೋನಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಮಾಕ್ಸಿಸಿಲಿನ್ ಲೆಕ್ಕ ಕಿಲೋಗೆ 40 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಮೊದಲ ಮಗುವಿಗೆ ಒಂದು ಹೊತ್ತಿಗೆ 360 ಮಿಲಿಗ್ರಾಂ ಬೇಕು, ಎರಡನೆಯದಕ್ಕೆ 220 ಸಾಕು. ವಯಸ್ಸು ಒಂದೇ, ಕಾಯಿಲೆ ಒಂದೇ, ಔಷಧದ ಅಳತೆ ಮಾತ್ರ ಬೇರೆ.

ಇನ್ನು ಆ ‘5 ಎಂಎಲ್’ ವಿಷಯ. ಅಂಗಡಿಯ ಕಪಾಟಿನಲ್ಲಿ ಅದೇ ಅಮಾಕ್ಸಿಸಿಲಿನ್ ಮೂರು ಬಗೆಯಲ್ಲಿ ಕೂತಿರುತ್ತದೆ: 5 ಎಂಎಲ್‌ಗೆ 125 ಮಿಲಿಗ್ರಾಂನ ಸಿರಪ್, 5 ಎಂಎಲ್‌ಗೆ 250ರ ಸಿರಪ್, ಒಂದೇ ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್. ನೀನು ಬರೆದ 5 ಎಂಎಲ್ ಮೊದಲ ಬಾಟಲಿಯಲ್ಲಿ 125, ಎರಡನೆಯದರಲ್ಲಿ 250, ಮೂರನೆಯದರಲ್ಲಿ 500 ಮಿಲಿಗ್ರಾಂ! ಯಾವುದು ಕೈಗೆ ಸಿಕ್ಕಿತು ಅನ್ನುವುದರ ಮೇಲೆ ಮಗುವಿನ ಚಿಕಿತ್ಸೆ ನಿಲ್ಲಬಾರದು. 5.5 ಕಿಲೋ ಮಗುವಿಗೆ ಮೂರನೆಯ ಬಾಟಲಿ ಹೋದರೆ ಬೇಕಾದದ್ದರ ಎರಡು ಪಟ್ಟಿಗೂ ಮಿಕ್ಕಿ ಹೋಗುತ್ತದೆ. 9 ಕಿಲೋ ಮಗುವಿಗೆ ಮೊದಲನೆಯದು ಹೋದರೆ ಮೂರನೇ ಒಂದರಷ್ಟು ಮಾತ್ರ ಸಿಗುತ್ತದೆ.

ಹೆಚ್ಚಾದರೆ ಎಲ್ಲರೂ ಹೆದರುತ್ತಾರೆ, ಕಡಿಮೆಯಾದರೆ ಯಾರೂ ಹೆದರುವುದಿಲ್ಲ. ‘ಎಳೆ ಮಗು, ಸ್ವಲ್ಪ ಕಮ್ಮಿ ಕೊಡೋಣ’ ಅನ್ನುವುದು ಕರುಣೆಯಂತೆ ಕಾಣುತ್ತದೆ, ಆದರೆ ಅದು ಕರುಣೆಯಲ್ಲ. ಪೆನಿಸಿಲಿನ್‌ಗೆ ಪೂರಾ ಬಗ್ಗದ ನ್ಯುಮೊಕಾಕಸ್‌ಗಳು ಹರಡಿದ್ದರಿಂದಲೇ ಅಮಾಕ್ಸಿಸಿಲಿನ್ ಪ್ರಮಾಣವನ್ನು ಹಿಂದಿನದಕ್ಕಿಂತ ಹೆಚ್ಚಿಸಬೇಕಾಯಿತು. ಅರೆಹೊಟ್ಟೆ ಔಷಧಕ್ಕೆ ಅಂಥವು ಬಗ್ಗುವುದಿಲ್ಲ. ಜ್ವರ ಒಂದು ದಿನ ಇಳಿದಂತೆ ಮಾಡಿ ಮತ್ತೆ ಏರುತ್ತದೆ. ಆಗ ಎಲ್ಲರೂ ಔಷಧವೇ ಸರಿಯಿಲ್ಲ ಎಂದು ಇನ್ನೊಂದು ದೊಡ್ಡ ಔಷಧಕ್ಕೆ ಕೈಹಾಕುತ್ತಾರೆ.

ಅದಕ್ಕೇ ಚೀಟಿಯಲ್ಲಿ ತೂಕ, ಒಂದು ಹೊತ್ತಿನ ಮಿಲಿಗ್ರಾಂ, ಬಾಟಲಿಯ ಸಾಂದ್ರತೆ, ಆಮೇಲೆ ಎಂಎಲ್, ಈ ನಾಲ್ಕೂ ಇರಲಿ. 5.5 ಕಿಲೋ ಕೂಸಿಗೆ 220 ಮಿಲಿಗ್ರಾಂ, 250ರ ಸಿರಪ್ ಆದರೆ 4.4 ಎಂಎಲ್. ಅರ್ಧ ಎಂಎಲ್ ಬರೆಯುವಾಗ ಚುಕ್ಕಿಯ ಮುಂದೆ ಸೊನ್ನೆ ಇರಲೇಬೇಕು. ಚುಕ್ಕಿ ಅಳಿಸಿದರೆ ಹತ್ತು ಪಟ್ಟಾಗುತ್ತದೆ. ಕ್ಲಾವುಲನೇಟ್ ಸೇರಿದ ಸಿರಪ್‌ನಲ್ಲಿ ಇನ್ನೊಂದು ಬಲೆ ಇದೆ: ಮೇಲೆ 228.5 ಎಂದಿದ್ದರೂ ಒಳಗಿರುವ ಅಮಾಕ್ಸಿಸಿಲಿನ್ 200 ಮಾತ್ರ. ಲೆಕ್ಕ ಹಾಕಬೇಕಾದದ್ದು ಆ 200ರ ಮೇಲೆ.

ಲೆಕ್ಕ ಸರಿಯಾದರೂ ಮನೆಯಲ್ಲಿ ಕೆಡಬಹುದು. ಪುಡಿ ಇರುವ ಬಾಟಲಿಗೆ ಕುದಿಸಿ ಆರಿಸಿದ ನೀರು ಹಾಕಿ, ಕುಲುಕಿ, ನೊರೆ ಇಳಿದ ಮೇಲೆ ಮತ್ತೆ ಗೆರೆಯ ತನಕ ತುಂಬಬೇಕು. ನೀರು ಕಡಿಮೆಯಾದರೆ ಔಷಧ ಗಟ್ಟಿ, ಹೆಚ್ಚಾದರೆ ತೆಳು. ಕುಲುಕದೆ ಕೊಟ್ಟರೆ ಮೊದಲ ದಿನ ನೀರು, ಕೊನೆಯ ದಿನ ತಳದ ಗಸಿ. ಅಡುಗೆಮನೆಯ ಚಮಚವನ್ನು ನಂಬಬೇಡ, ಒಂದೊಂದು ಮನೆಯದು ಒಂದೊಂದು ಅಳತೆ. ಸೂಜಿಯಿಲ್ಲದ ಸಿರಿಂಜಿನ ಮೇಲೆ ಗೆರೆ ಎಳೆದು, ತಾಯಿಯೋ ಅಜ್ಜಿಯೋ, ಮನೆಯಲ್ಲಿ ಕೊಡುವವರು ಯಾರೋ ಅವರ ಕೈಯಲ್ಲೇ ಒಮ್ಮೆ ಎಳೆಸಿ ನೋಡು. ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಲು ತೋರಿಸು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಅಳತೆ ಮತ್ತೆ ಕೊಡಲು ಹೇಳು.

ತೂಕವೊಂದೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಮರೆಯಬೇಡ. ನವಜಾತ ಶಿಶುಗಳಿಗೆ ಕ್ಲೋರಾಂಫೆನಿಕಾಲ್ ಕೊಟ್ಟಾಗ ಮೈ ಬೂದುಬಣ್ಣಕ್ಕೆ ತಿರುಗಿ ಸಾಯುತ್ತಿದ್ದ ಸಂಗತಿ 1959ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆ ಔಷಧವನ್ನು ಅರಗಿಸಿ ಹೊರಹಾಕುವ ಶಕ್ತಿ ಅವುಗಳ ಯಕೃತ್ತಿಗೆ ಇನ್ನೂ ಬಂದಿರಲಿಲ್ಲ. ಮೂತ್ರಪಿಂಡವೂ ಹಾಗೆಯೇ, ಮೊದಲ ತಿಂಗಳುಗಳಲ್ಲಿ ಬಲಿಯುತ್ತಿರುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದಿದ್ದರೆ, ಹಾಲು ಕುಡಿಯದಿದ್ದರೆ, ಮೈ ತಣ್ಣಗಿದ್ದರೆ ಬಾಟಲಿ ಕೊಟ್ಟು ಮನೆಗೆ ಕಳಿಸುವ ಮಾತೇ ಇಲ್ಲ. ಆ್ಯಂಬುಲೆನ್ಸ್‌ಗೆ ಹೇಳು, ಮಾರ್ಗಸೂಚಿಯಂತೆ ಮೊದಲ ಡೋಸ್ ಕೊಡು, ದೊಡ್ಡ ಆಸ್ಪತ್ರೆಗೆ ಕಳಿಸು.

ನಾಳೆ ಬೆಳಿಗ್ಗೆ ರೋಗಿಗಳು ಬರುವ ಮೊದಲು ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆಯೇ ನೋಡು. ಮುಂದಿನ ಇಂಡೆಂಟ್ ಹಾಕುವಾಗ ಸಿರಪ್ ಜೊತೆ ಸಿರಿಂಜನ್ನೂ ಬರೆ. ಅದು ಬರುವ ತನಕ ಫಾರ್ಮಸಿಸ್ಟ್ ಜೊತೆ ಕೂತು, ಹಂಚುವ ಪ್ರತಿ ಬಾಟಲಿಯ ಜೊತೆ ಅಳತೆಯ ಮುಚ್ಚಳ ಇದೆಯೇ ಎಂದು ನೀನೇ ಪರೀಕ್ಷಿಸು.