ಕೆಟ್ಟುಹೋದ ಪ್ಲಗ್ಗಿನೊಳಗೆ ಉಳಿದಿರುವುದೇನು?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಲ್ಲಿರುವ ಗುಜರಿ ಅಂಗಡಿಗಳ ಮುಂದೆ, ಹಳೆಯ ಮಿಕ್ಸಿ, ಫ್ಯಾನು, ಟೆಲಿವಿಷನ್ನುಗಳ ರಾಶಿಯ ನಡುವೆ, ಇತ್ತೀಚೆಗೆ ಹೊಸ ಬಗೆಯ ವಸ್ತುಗಳು ಕಾಣತೊಡಗಿವೆ. ಮೊಬೈಲಿನಿಂದ ಹೊತ್ತಿಸಿ ಆರಿಸುವ ಬಲ್ಬು, ಕಚೇರಿಯಿಂದಲೇ ಗೀಸರನ್ನು ಹಾಕಬಹುದಾದ ಪ್ಲಗ್ಗು, ಬಾಗಿಲು ತೆರೆದೊಡನೆ ಸುದ್ದಿ ಮುಟ್ಟಿಸುವ ಪುಟ್ಟ ಪೆಟ್ಟಿಗೆ, ಮನುಷ್ಯರ ಸುಳಿವನ್ನು ಅರಿಯುವ ಸಂವೇದಕ, ಇವಕ್ಕೆಲ್ಲ ಸ್ಮಾರ್ಟ್ ಸಾಧನಗಳೆಂದು ಹೆಸರು. ಗುಜರಿಯವರಿಗೆ ಇವುಗಳಿಂದ ದೊರೆಯುವುದು ತೂಕಕ್ಕೆ ತಕ್ಕ ಬೆಲೆ ಮಾತ್ರ. ಆದರೆ ಭೌತಶಾಸ್ತ್ರವನ್ನು ಓದುತ್ತಿರುವ ವಿದ್ಯಾರ್ಥಿಗೆ ಇವುಗಳ ಒಳಗೆ ಪಠ್ಯಪುಸ್ತಕದ ಹಲವು ಅಧ್ಯಾಯಗಳು ಬಿಡಿಬಿಡಿಯಾಗಿ ಕೈಗೆ ಸಿಕ್ಕುವುವು.

ಸಾಧನವು ಕೆಟ್ಟಿತೆಂದ ಮಾತ್ರಕ್ಕೆ ಅದರ ಅಂಗಗಳೆಲ್ಲವೂ ಕೆಟ್ಟವೆಂದು ತಿಳಿಯಬೇಕಾಗಿಲ್ಲ. ಹತ್ತಾರು ಬಿಡಿಭಾಗಗಳ ಪೈಕಿ ಸಾಮಾನ್ಯವಾಗಿ ಯಾವುದೋ ಒಂದೆರಡು ಸೋತಿರುವುವು. ಉಳಿದುವು ಗಟ್ಟಿಯಾಗಿಯೇ ಇರುವುವು. ಕೆಲವೊಮ್ಮೆ ಒಂದು ಭಾಗವೂ ಕೆಟ್ಟಿರುವುದಿಲ್ಲ. ಈ ಸಾಧನಗಳಲ್ಲಿ ಬಹಳಷ್ಟು ತಯಾರಕರ ದೂರದ ಗಣಕಯಂತ್ರಗಳೊಡನೆ ಅಂತರ್ಜಾಲದ ಮೂಲಕ ಮಾತನಾಡುತ್ತಲೇ ಕೆಲಸ ಮಾಡತಕ್ಕವು. ಆ ಗಣಕಯಂತ್ರವನ್ನು ನಿಲ್ಲಿಸಿದರೆ ಮನೆಯಲ್ಲಿರುವ ಸಾಧನವೂ ಮೂಕವಾಗುವುದು. ಅಮೆರಿಕದಲ್ಲಿ ರಿವಾಲ್ವ್ ಎಂಬ ಗೃಹನಿಯಂತ್ರಕವು 2016ರ ಮೇ ತಿಂಗಳಲ್ಲಿ ಹೀಗೆಯೇ ನಿರುಪಯುಕ್ತವಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸಂಸ್ಥೆಯ ದೂರನಿಯಂತ್ರಣ ಸೇವೆಯು ಇದ್ದಕ್ಕಿದ್ದಂತೆ ನಿಂತಿತು. ಅದನ್ನು ಬಳಸುತ್ತಿದ್ದವರಲ್ಲೇ ಕೆಲವರು ಸೇರಿ ಆ ಸಂಸ್ಥೆಯನ್ನು ಕೊಂಡು ಮತ್ತೆ ನಡೆಸಬೇಕಾಯಿತು.

ಬಿಚ್ಚುವ ಅಭ್ಯಾಸವನ್ನು ಬಾಗಿಲಿನ ಸಂವೇದಕದಿಂದ ಆರಂಭಿಸುವುದು ಮೇಲು. ಅದು ಚಿಕ್ಕ ವಿದ್ಯುತ್ಕೋಶದಿಂದ ನಡೆಯುವುದಾದ್ದರಿಂದ ಅಪಾಯವಿಲ್ಲ. ಅದರೊಳಗೆ ಸಾಮಾನ್ಯವಾಗಿ ಗಾಜಿನ ಸಣ್ಣ ನಳಿಗೆಯೊಂದಿದ್ದು, ಅದರಲ್ಲಿ ಕಬ್ಬಿಣದ ಅಂಶವುಳ್ಳ ಎರಡು ತೆಳುಪಟ್ಟಿಗಳು ತಾಗಿಯೂ ತಾಗದಂತೆ ನಿಂತಿರುವುವು. ಇದನ್ನು ರೀಡ್ ಸ್ವಿಚ್ಚು ಎನ್ನುವರು. ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಅಯಸ್ಕಾಂತವು ಹತ್ತಿರ ಬಂದಾಗ ಪಟ್ಟಿಗಳು ಕಾಂತತ್ವವನ್ನು ಪಡೆದು ಪರಸ್ಪರ ಆಕರ್ಷಿಸಿ ಕೂಡಿಕೊಳ್ಳುವುವು, ಮಂಡಲವು ಪೂರ್ಣವಾಗುವುದು. ಸೈಕಲ್ಲಿನ ಚಕ್ರದ ಕಡ್ಡಿಗೆ ಅಯಸ್ಕಾಂತವನ್ನೂ ಕವಲಿಗೆ ಈ ನಳಿಗೆಯನ್ನೂ ಕಟ್ಟಿದರೆ ಚಕ್ರದ ಸುತ್ತುಗಳನ್ನು ಎಣಿಸಬಹುದು. ಲೋಲಕದ ಗುಂಡಿಗೆ ಅಯಸ್ಕಾಂತವನ್ನು ಅಂಟಿಸಿ ಆವರ್ತಕಾಲವನ್ನು ಅಳೆಯುವ ಆಸೆಯೂ ಹುಟ್ಟೀತು. ಆದರೆ ಪಟ್ಟಿಗಳು ಅಯಸ್ಕಾಂತವನ್ನು ತುಸು ಸೆಳೆಯುವುದರಿಂದ ಗುರುತ್ವದ ಲೆಕ್ಕದಲ್ಲಿ ಬೇರೊಂದು ಬಲವೂ ಬೆರೆಯುವುದು. ಲೋಲಕಕ್ಕೆ ಬೆಳಕಿನ ಕಿರಣವನ್ನು ಅಡ್ಡಗಟ್ಟುವ ಏರ್ಪಾಡೇ ಉತ್ತಮ.

ಮನುಷ್ಯರ ಚಲನೆಯನ್ನು ಅರಿಯುವ ಸಂವೇದಕವು ಇದಕ್ಕಿಂತ ಸ್ವಾರಸ್ಯವಾದುದು. ಎಲ್ಲ ವಸ್ತುಗಳೂ ತಮ್ಮ ಉಷ್ಣತೆಗೆ ತಕ್ಕಂತೆ ವಿಕಿರಣವನ್ನು ಹೊರಸೂಸುವುವಷ್ಟೆ. ವೀನನ ನಿಯಮದ ಪ್ರಕಾರ 2898 ಎಂಬ ಸಂಖ್ಯೆಯನ್ನು ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಅತ್ಯಂತ ಪ್ರಬಲವಾದ ವಿಕಿರಣದ ತರಂಗದೂರವು ಮೈಕ್ರೋಮೀಟರುಗಳಲ್ಲಿ ದೊರೆಯುವುದು. ನಮ್ಮ ಚರ್ಮದ ಉಷ್ಣತೆಯನ್ನು 305 ಕೆಲ್ವಿನ್ ಎಂದು ಹಿಡಿದರೆ ಉತ್ತರ ಸುಮಾರು 9.5 ಮೈಕ್ರೋಮೀಟರು. ಇದು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಸಂವೇದಕದ ಮುಂದಿರುವ ಹಾಲುಬಣ್ಣದ ಗುಮ್ಮಟವನ್ನು ಗಾಜಿನಿಂದ ಮಾಡದೆ ಪಾಲಿಎಥಿಲೀನಿನಿಂದ ಮಾಡಿರುವುದಕ್ಕೆ ಕಾರಣ ಇಲ್ಲಿದೆ: ಬೆಳಕಿಗೆ ದಾರಿ ಬಿಡುವ ಗಾಜು ಈ ಕಿರಣಗಳನ್ನು ತಡೆಯುವುದು, ಬೆಳಕನ್ನು ಮಸುಕುಗೊಳಿಸುವ ಪಾಲಿಎಥಿಲೀನು ಇವುಗಳನ್ನು ಒಳಗೆ ಬಿಡುವುದು. ಕೆಟ್ಟ ಸಾಧನದಿಂದ ಈ ಭಾಗವನ್ನು ತೆಗೆದು 5 ವೋಲ್ಟಿನ ಅಥವಾ ಅದರ ಹಲಗೆಗೆ ತಕ್ಕ ವಿದ್ಯುತ್ತನ್ನು ಕೊಟ್ಟು, ಮುಂದೆ ಕಿಟಕಿ ಗಾಜಿನ ಚೂರೊಂದನ್ನು ಹಿಡಿದು ನೋಡಿ. ಗಾಜಿನ ಆಚೆ ನೀವು ಸ್ಪಷ್ಟವಾಗಿ ಕಾಣುತ್ತಿರುವಿರಿ. ಸಂವೇದಕಕ್ಕೆ ಮಾತ್ರ ನೀವು ಇಲ್ಲವೇ ಇಲ್ಲ.

ಗುಮ್ಮಟದ ಹಿಂದೆ ಎರಡು ಸ್ಫಟಿಕಖಂಡಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುವರು. ಕೋಣೆಯೇ ಕಾದರೆ ಎರಡರ ವಿದ್ಯುತ್ತೂ ಪರಸ್ಪರ ರದ್ದಾಗುವುದು. ಮನುಷ್ಯನು ನಡೆದುಹೋದಾಗ ಅವನ ಬಿಂಬವು ಮೊದಲು ಒಂದರ ಮೇಲೆ, ಆಮೇಲೆ ಇನ್ನೊಂದರ ಮೇಲೆ ಬೀಳುವುದರಿಂದ ಸಂಕೇತ ಹುಟ್ಟುವುದು. ಏಪ್ರಿಲ್ ತಿಂಗಳ ನಡುಹಗಲಲ್ಲಿ ಗೋಡೆಗಳ ಉಷ್ಣತೆಯು ಮೈಯ ಉಷ್ಣತೆಗೆ ಸಮೀಪವಾದಾಗ ಇಂಥ ಸಂವೇದಕಗಳು ಮಂದವಾಗುವುದು ಏಕೆಂಬುದನ್ನು ಓದುಗರೇ ಊಹಿಸಬಹುದು.

ಇನ್ನು ಪ್ಲಗ್ಗಿಗೆ ಬರೋಣ. ಇಲ್ಲಿ ನಮ್ಮ ಧ್ವನಿ ತುಸು ಗಡುಸಾಗಬೇಕಾಗಿದೆ.

ಮನೆಗೆ ಬರುವ ಪರ್ಯಾಯ ವಿದ್ಯುತ್ತು 230 ವೋಲ್ಟೆಂದು ಹೇಳುವುದು ವಾಡಿಕೆ. ಅದರ ಗರಿಷ್ಠ ಬೆಲೆಯು ಇದನ್ನು ಎರಡರ ವರ್ಗಮೂಲದಿಂದ ಗುಣಿಸಿದಷ್ಟು, ಎಂದರೆ 325 ವೋಲ್ಟು. ಪ್ಲಗ್ಗಿನೊಳಗಿನ ಡಯೋಡುಗಳು ಈ ವಿದ್ಯುತ್ತನ್ನು ಏಕಮುಖವಾಗಿ ಮಾಡಿ ಒಂದು ಧಾರಕಕ್ಕೆ ತುಂಬುವುವು. ಅಂಗಡಿಯವರು ಕೆಪಾಸಿಟರ್ ಎನ್ನುವ ಈ ಡಬ್ಬಿಯು 4.7 ಮೈಕ್ರೋಫ್ಯಾರಡ್ ಆಗಿದ್ದರೆ ಅದರಲ್ಲಿ ಕೂಡಿಟ್ಟ ಶಕ್ತಿ ಸುಮಾರು ಕಾಲು ಜೂಲು. 25 ಗ್ರಾಮಿನ ನಿಂಬೆಹಣ್ಣನ್ನು ಒಂದು ಮೀಟರು ಎತ್ತುವಷ್ಟು. ಇಷ್ಟೇ ತಾನೇ ಎನ್ನಬೇಡಿ. ಈ ಶಕ್ತಿಯು ಕ್ಷಣಾರ್ಧದಲ್ಲಿ ಬೆರಳಿನ ಮೂಲಕ ಹರಿದರೆ ಕೈ ಬೆಚ್ಚಿ ಹಾರುವುದು, ಹಾರಿದ ಕೈ ಎಲ್ಲಿಗೆ ಬಡಿದೀತೋ ಹೇಳಲಾಗದು.

ಇದರಲ್ಲಿ ವಿಚಿತ್ರವೊಂದುಂಟು. ಸರಿಯಾಗಿರುವ ಸಾಧನವನ್ನು ಗೋಡೆಯಿಂದ ಕಿತ್ತೊಡನೆ ಅದರ ಮಂಡಲವೇ ಧಾರಕವನ್ನು ಬರಿದುಮಾಡುವುದು. ಮಂಡಲವು ಸತ್ತಿದ್ದರೆ ಧಾರಕದ ವಿದ್ಯುತ್ತಿಗೆ ಹೋಗಲು ದಾರಿಯಿಲ್ಲ. ಆದುದರಿಂದ ಈಗತಾನೇ ಪರೀಕ್ಷಿಸಿ ಕಿತ್ತ ಕೆಟ್ಟ ಸಾಧನವು, ಸರಿಯಾಗಿರುವ ಸಾಧನಕ್ಕಿಂತ ಹೆಚ್ಚು ಕಾಲ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಬಿಚ್ಚುವ ಮುನ್ನ ಒಂದು ದಿನ ಪಕ್ಕಕ್ಕಿಡಿ. ಬಿಚ್ಚಿದ ಮೇಲೆ ಮಲ್ಟಿಮೀಟರಿನಿಂದ ಧಾರಕದ ವಿಭವಾಂತರವನ್ನು ನೋಡಿ. ವಿದ್ಯುತ್ತು ಉಳಿದಿದ್ದರೆ 10,000 ಓಮಿನ ರೋಧಕವನ್ನು ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಹಿಡಿದು ಎರಡು ಕಾಲುಗಳ ನಡುವೆ ಇಡಿ. ರೋಧ ಮತ್ತು ಧಾರಕತೆಗಳ ಗುಣಲಬ್ಧ 0.047 ಸೆಕೆಂಡು, ಅದರ ಐದರಷ್ಟು, ಎಂದರೆ ಕಾಲು ಸೆಕೆಂಡಿನಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಖಾಲಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ರೂಢಿಯನ್ನು ಬಿಡತಕ್ಕದ್ದು.

ಎರಡನೆಯ ಅಪಾಯವು ಇನ್ನೂ ಗೂಢ. ಮೊಬೈಲಿನ ಒಳ್ಳೆಯ ಚಾರ್ಜರಿನಲ್ಲಿ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವೇ ಇರುವುದಿಲ್ಲ. ಶಕ್ತಿಯು ಕಾಂತಕ್ಷೇತ್ರದ ಮೂಲಕ ದಾಟುವುದು. ಅನೇಕ ಅಗ್ಗದ ಪ್ಲಗ್ಗುಗಳಲ್ಲಿ ಮತ್ತು ಬಲ್ಬುಗಳಲ್ಲಿ ಜಾಗವನ್ನೂ ಖರ್ಚನ್ನೂ ಉಳಿಸಲು ಈ ಬೇರ್ಪಡೆಯನ್ನು ಕೈಬಿಟ್ಟಿರುವರು. ಆಗ ಚಿಪ್ಪಿನ ಎರಡು ತುದಿಗಳ ನಡುವೆ 3.3 ವೋಲ್ಟು ಮಾತ್ರವಿದ್ದರೂ ಆ ತುದಿಗಳೆರಡೂ ನೆಲಕ್ಕೆ ಹೋಲಿಸಿದರೆ 230 ವೋಲ್ಟಿನ ತಂತಿಯ ಮಟ್ಟದಲ್ಲಿರಬಹುದು. ಸಾಕೆಟ್ಟಿಗೆ ಹಾಕಿರುವ ಇಂಥ ಹಲಗೆಗೆ ಲ್ಯಾಪ್‌ಟಾಪನ್ನು ಜೋಡಿಸಿದವರು ಲ್ಯಾಪ್‌ಟಾಪನ್ನೂ ಕಳೆದುಕೊಳ್ಳಬಹುದು, ಪ್ರಾಣವನ್ನೂ ಕಳೆದುಕೊಳ್ಳಬಹುದು. ಬೇರ್ಪಡೆ ಇದೆಯೋ ಇಲ್ಲವೋ ಎಂದು ಕಣ್ಣಂದಾಜಿನಿಂದ ತೀರ್ಮಾನಿಸಕೂಡದು. ಬಿಚ್ಚಿದ ಹಲಗೆಯನ್ನು ಎಂದಿಗೂ ಗೋಡೆಯ ವಿದ್ಯುತ್ತಿಗೆ ಸೇರಿಸದೆ, ಬೇಕಾದ ಭಾಗವನ್ನು ಬೇರೆ ತೆಗೆದು 5 ವೋಲ್ಟಿನ ಚಾರ್ಜರಿನಿಂದ ನಡೆಸುವುದೊಂದೇ ನಾವು ನಮ್ಮ ವಿದ್ಯಾರ್ಥಿಗಳಿಗೆ ಒಪ್ಪುವ ಕ್ರಮ.

ಈ ಎಚ್ಚರವಿದ್ದರೆ ಪ್ಲಗ್ಗಿನಿಂದ ಎರಡು ಒಳ್ಳೆಯ ವಸ್ತುಗಳು ದೊರೆಯುವುವು. ಮೊದಲನೆಯದು ರಿಲೇ. ಸಾಮಾನ್ಯವಾದ 5 ವೋಲ್ಟಿನ ರಿಲೇಯ ಸುರುಳಿಗೆ ಸುಮಾರು 70 ಓಮು ರೋಧವಿರುವುದರಿಂದ ಅದು 71 ಮಿಲಿಆಂಪಿಯರನ್ನು ಬೇಡುವುದು. ಚಿಪ್ಪಿನ ಪಿನ್ನು ಕೊಡಬಲ್ಲದ್ದು 12 ಮಾತ್ರ. ನಡುವೆ ಟ್ರಾನ್ಸಿಸ್ಟರು ಏಕಿದೆ ಎಂಬುದು ಇದರಿಂದ ತಿಳಿಯುವುದು. ಸುರುಳಿಯ ಪಕ್ಕದಲ್ಲಿ ತಿರುಗುಮುರುಗಾಗಿ ಕೂರಿಸಿದ ಡಯೋಡನ್ನೂ ಜೊತೆಯಲ್ಲೇ ತೆಗೆದಿಡಿ: ಪ್ರವಾಹವು ಥಟ್ಟನೆ ನಿಂತಾಗ ಸುರುಳಿಯಲ್ಲಿ ಪ್ರೇರಿತವಾಗುವ ಅಧಿಕ ವಿಭವದಿಂದ ಟ್ರಾನ್ಸಿಸ್ಟರನ್ನು ಕಾಯುವುದು ಅದೇ. ಆರಿಸಿದರೂ ಆರದ ಪ್ಲಗ್ಗಿನಲ್ಲಿ ಬಹುಮಟ್ಟಿಗೆ ರಿಲೇಯ ಸಂಪರ್ಕಬಿಂದುಗಳೇ ಕಿಡಿಯ ಕಾವಿಗೆ ಬೆಸೆದುಕೊಂಡಿರುವುವು. 10 ಆಂಪಿಯರಿನ ಪ್ಲಗ್ಗಿಗೆ 13 ಆಂಪಿಯರನ್ನೆಳೆಯುವ 3 ಕಿಲೋವಾಟಿನ ಗೀಸರನ್ನು ಸಿಕ್ಕಿಸಿದರೆ ಬೇರೇನಾದೀತು?

ಎರಡನೆಯದು ವೈಫೈ ಚಿಪ್ಪು. ಶಾಂಘೈನ ಎಸ್‌ಪ್ರೆಸಿಫ್ ಸಂಸ್ಥೆಯು 2014ರಲ್ಲಿ ತಂದ ಇಎಸ್‌ಪಿ 8266 ಎಂಬ ಚಿಪ್ಪು ಈ ಬಗೆಯ ಎಷ್ಟೋ ಸಾಧನಗಳಲ್ಲಿದೆ. ಇದರ ಸೊನ್ನೆಯ ಪಿನ್ನನ್ನು ಋಣತುದಿಗೆ ತಾಗಿಸಿ ಚಾಲನೆ ಕೊಟ್ಟರೆ ಹಳೆಯ ಪ್ರೋಗ್ರಾಮಿನ ಬದಲು ನಾವು ಬರೆದುದನ್ನು ಸ್ವೀಕರಿಸುವುದು. ಟ್ಯಾಸ್ಮೋಟ ಎಂಬ ಉಚಿತ ಪ್ರೋಗ್ರಾಮನ್ನು ತುಂಬಿದರೆ ತಯಾರಕರ ಗಣಕಯಂತ್ರದ ಹಂಗಿಲ್ಲದೆ ಮನೆಯೊಳಗಿನ ಜಾಲದಲ್ಲೇ ಕೆಲಸ ಮಾಡುವುದು. ಇದೇ ಚಿಪ್ಪಿನ ಬಗಲಲ್ಲಿರುವ ಸ್ಮೃತಿಕೋಶದಲ್ಲಿ ನಿಮ್ಮ ಮನೆಯ ವೈಫೈ ಗುಪ್ತಪದವೂ ಕುಳಿತಿರುತ್ತದೆ. ಸಾಧನವನ್ನು ಗುಜರಿಗೆ ಹಾಕಿದವರು ಮನೆಯ ಬೀಗದ ಕೈಯನ್ನೂ ಜೊತೆಗೆ ಹಾಕಿದಂತೆ. ಬದುಕಿರುವ ಸಾಧನವಾದರೆ ಅದರ ಗುಂಡಿಯನ್ನು ಒತ್ತಿಹಿಡಿದು ಮೊದಲಿನ ಸ್ಥಿತಿಗೆ ತರಬೇಕು. ಸತ್ತಿದ್ದರೆ ಮನೆಯ ಗುಪ್ತಪದವನ್ನೇ ಬದಲಿಸಿಬಿಡುವುದು ಕ್ಷೇಮ.

ಭಾಗಗಳನ್ನು ಹಲಗೆಯಿಂದ ಕೀಳುವಾಗ ಬೆಸುಗೆಯು ಕರಗದೆ ಸತಾಯಿಸುವುದುಂಟು. ಈಗಿನ ಸೀಸರಹಿತ ಬೆಸುಗೆಯು ಸುಮಾರು 217 ಡಿಗ್ರಿಯಲ್ಲಿ ಕರಗತೊಡಗುವುದು. ನೂರಕ್ಕೆ 63 ಪಾಲು ತವರ, 37 ಪಾಲು ಸೀಸವುಳ್ಳ ಹಳೆಯ ಬಗೆಯು 183ರಲ್ಲೇ ಕರಗುವುದು. ಗಂಟಿನ ಮೇಲೆ ಹಳೆಯ ಬಗೆಯ ಬೆಸುಗೆಯನ್ನು ತುಸು ಸೇರಿಸಿ ಬೆರೆಸಿದರೆ ಮಿಶ್ರಣದ ಕರಗುಬಿಂದು ಇಳಿದು ಭಾಗವು ಸುಲಭವಾಗಿ ಬರುವುದು. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ತಿಂಡಿಯನ್ನು ಮುಟ್ಟಬೇಡಿ.

ಹಣ ಉಳಿಯುವುದೆಂಬ ಲೆಕ್ಕದಿಂದ ಈ ಕೆಲಸಕ್ಕೆ ಇಳಿಯುವವರಿಗೆ ನಿರಾಶೆಯಾದೀತು. ಮೆಟ್ರೊ ಹಿಡಿದು ಚಿಕ್ಕಪೇಟೆಗೆ ಹೋಗಿ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಇದೇ ಚಿಪ್ಪುಳ್ಳ ಹೊಸ ಹಲಗೆಯು ಕೆಲವೇ ನೂರು ರೂಪಾಯಿಗೆ ದೊರೆಯುವುದು. ಆದರೆ ಕೊಂಡ ಹಲಗೆಯಲ್ಲಿ ಡಯೋಡು ಏಕಿದೆ ಎಂದು ಯಾರೂ ನಿಮ್ಮನ್ನು ಕೇಳುವುದಿಲ್ಲ.

ತೆಗೆದುಳಿದ ಭಾಗವನ್ನು ಏನು ಮಾಡಬೇಕು? 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ನು ವಿದ್ಯುನ್ಮಾನ ಕಸ ಹುಟ್ಟಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದುದು ನೂರಕ್ಕೆ 22.3 ಪಾಲು ಮಾತ್ರವೆಂದೂ ವಿಶ್ವಸಂಸ್ಥೆಯ ವರದಿಯು ಲೆಕ್ಕ ಹಾಕಿದೆ. ತಾಮ್ರಕ್ಕಾಗಿ ತಂತಿಯನ್ನು ಸುಡುವುದು, ಚಿನ್ನದ ಲೇಪಕ್ಕಾಗಿ ಹಲಗೆಯನ್ನು ಆಮ್ಲದಲ್ಲಿ ಅದ್ದುವುದು, ಇವೆರಡನ್ನೂ ಪ್ರಯೋಗದ ಹೆಸರಿನಲ್ಲಿಯೂ ಮಾಡಕೂಡದು. ಆ ಹೊಗೆಯಲ್ಲಿ ಡಯಾಕ್ಸಿನ್ನಿನಂಥ ವಿಷಗಳಿವೆ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ಇ-ಪರಿಸರದಂಥ ಅಧಿಕೃತ ಘಟಕಗಳು ಇಂಥ ಹಲಗೆಗಳಿಂದ ಲೋಹಗಳನ್ನು ಬೇರ್ಪಡಿಸುವುದಕ್ಕೆಂದೇ ಇವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೂ ಹೊರಿಸಿವೆ. ಕಾಲೇಜಿನಲ್ಲಿ ಒಂದು ಪೆಟ್ಟಿಗೆಯನ್ನಿಟ್ಟು, ತುಂಬಿದ ಮೇಲೆ ಒಟ್ಟಿಗೆ ಅಧಿಕೃತರಿಗೆ ಒಪ್ಪಿಸುವುದು ಅನುಕೂಲ. ಕ್ಯಾಮರಾ ಮತ್ತು ಕರೆಗಂಟೆಗಳೊಳಗಿನ ಲಿಥಿಯಂ ಕೋಶಗಳನ್ನು ಮಾತ್ರ ಆ ಪೆಟ್ಟಿಗೆಗೆ ಹಾಕದೆ, ತುದಿಗಳಿಗೆ ಟೇಪು ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಉಬ್ಬಿದ ಕೋಶವನ್ನು ಚುಚ್ಚಲೂಬೇಡಿ, ಚಾರ್ಜು ಮಾಡಲೂಬೇಡಿ.